ನಾರ್ವೆ ಕರಾವಳಿಯ ಹಡಗು ಪ್ರಯಾಣ: ಆರಾಮಾಗಿ ಹೋಗಿಬರುವುದು ಹೇಗೆ?

ನಾರ್ವೆಯ ಬರ್ಗೆನ್ ಊರಿನಿಂದ ದಿನಾ ಒಂದು ಹಡಗು ಉತ್ತರಕ್ಕೆ ಹೊರಡುತ್ತದೆ. ದಾರಿಯುದ್ದಕ್ಕೂ 34 ಬಂದರುಗಳಲ್ಲಿ ನಿಂತು, ರಷ್ಯಾ ಗಡಿಯ ಪಕ್ಕದ ಕಿರ್ಕೆನೆಸ್ ಮುಟ್ಟಿ, ಅದೇ ಕರಾವಳಿ ಹಿಡಿದು ವಾಪಸ್ ಬರುತ್ತದೆ. ಹೋಗಿಬರಲು 12 ದಿನ.

ಕ್ರೂಸ್ ಅಂದಕೂಡಲೇ ಕ್ಯಾಸಿನೊ, ಡ್ಯಾನ್ಸ್ ಶೋ ನೆನಪಿಗೆ ಬಂದರೆ ಅದನ್ನು ಮೊದಲು ತಲೆಯಿಂದ ತೆಗೆಯಿರಿ. ಇದು ದುಡಿಯುವ ಹಡಗು. 1893ರಲ್ಲಿ ರಿಚರ್ಡ್ ವಿತ್ ಎಂಬ ಕ್ಯಾಪ್ಟನ್ ಟ್ರಾಂಡ್‌ಹೈಮ್‌ನಿಂದ ಹಮ್ಮರ್‌ಫೆಸ್ಟ್‌ಗೆ ಈ ಸೇವೆ ಶುರು ಮಾಡಿದ್ದು ಪ್ರವಾಸಿಗರಿಗಾಗಿ ಅಲ್ಲ, ಟಪಾಲು ಮತ್ತು ಸರಕಿಗಾಗಿ. ಅದಕ್ಕೂ ಮುಂಚೆ ಆ ದಾರಿಯಲ್ಲಿ ಒಂದು ಪತ್ರ ತಲುಪಲು ಬೇಸಿಗೆಯಲ್ಲಿ ಮೂರು ವಾರ, ಚಳಿಗಾಲದಲ್ಲಿ ಐದು ತಿಂಗಳವರೆಗೂ ಹಿಡಿಯುತ್ತಿತ್ತಂತೆ. ಇವತ್ತಿಗೂ ಸರ್ಕಾರದ ಒಪ್ಪಂದದ ಮೇಲೆಯೇ ಈ ಹಡಗುಗಳು ಓಡುತ್ತವೆ. 2021ರಿಂದ ಹುರ್ಟಿಗ್ರೂಟೆನ್ ಮತ್ತು ಹಾವಿಲಾ ಎಂಬ ಎರಡು ಕಂಪನಿಗಳು ಈ ಮಾರ್ಗವನ್ನು ಹಂಚಿಕೊಂಡಿವೆ. ಹಡಗು ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ, ನೀವು ಸುಮ್ನೆ ಜೊತೆಗೆ ಹೋಗುತ್ತೀರಿ. ಆರಾಮ ಇರುವುದೇ ಅಲ್ಲಿ.

1. ಮೊದಲು ಕಾಲ ಆರಿಸಿಕೊಳ್ಳಿ

ಒಂದೇ ಪ್ರವಾಸದಲ್ಲಿ ಮಧ್ಯರಾತ್ರಿ ಸೂರ್ಯ, ಉತ್ತರದ ಬೆಳಕು (ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು, ಅರೋರಾ) ಎರಡೂ ಸಿಗುವುದಿಲ್ಲ. ಟ್ರೊಮ್ಸೊ ಊರಿನಲ್ಲಿ ಮೇ ಕೊನೆಯ ಭಾಗದಿಂದ ಜುಲೈ ಕೊನೆಯ ಭಾಗದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಬೆಳಕು ಕುಣಿಯುವುದು ಕಾಣಬೇಕೆಂದರೆ ಆಕಾಶ ಕಪ್ಪಾಗಿರಬೇಕು, ಅಂದರೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ಡಿಸೆಂಬರ್‌ನಲ್ಲಿ ಉತ್ತರದ ತುದಿಯಲ್ಲಿ ಸೂರ್ಯ ಹುಟ್ಟುವುದಿಲ್ಲ. ಮಧ್ಯಾಹ್ನ ಒಂದಿಷ್ಟು ಹೊತ್ತು ನೀಲಿ ಮಬ್ಬು ಬೆಳಕು ಅಷ್ಟೇ.

ನನ್ನನ್ನು ಕೇಳಿದರೆ ಮಾರ್ಚ್. ಬೆಟ್ಟದ ಮೇಲೆ ಹಿಮ ಇನ್ನೂ ಇರುತ್ತದೆ, ಹಗಲು ಸಾಕಷ್ಟು ಉದ್ದ ಇರುತ್ತದೆ, ರಾತ್ರಿ ಕತ್ತಲೂ ಆಗುತ್ತದೆ. ಅಷ್ಟು ಉತ್ತರದಲ್ಲೂ ಈ ಕರಾವಳಿಯ ಸಮುದ್ರ ಹೆಪ್ಪುಗಟ್ಟುವುದಿಲ್ಲ, ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹ ಅಲ್ಲಿಯವರೆಗೂ ಹರಿದುಬರುತ್ತದೆ.

2. ಪೂರ್ತಿ ದಾರಿಯೋ, ತುಂಡು ದಾರಿಯೋ?

12 ದಿನ ರಜೆ, ದುಡ್ಡು ಎರಡೂ ಇದ್ದರೆ ಪೂರ್ತಿ ಹೋಗಿ. ಹೋಗುವಾಗ ರಾತ್ರಿ ದಾಟಿದ ಜಾಗಗಳು ಬರುವಾಗ ಹಗಲಲ್ಲಿ ಸಿಗುವ ಹಾಗೆ ವೇಳಾಪಟ್ಟಿ ಹೊಂದಿಸಿದ್ದಾರೆ. ಇಲ್ಲದಿದ್ದರೆ ಬರ್ಗೆನ್‌ನಿಂದ ಕಿರ್ಕೆನೆಸ್‌ಗೆ ಹೋಗಿ ವಿಮಾನದಲ್ಲಿ ವಾಪಸಾಗಬಹುದು.

ಜಾಸ್ತಿ ಜನಕ್ಕೆ ಗೊತ್ತಿಲ್ಲದ ಮೂರನೇ ದಾರಿ ಒಂದಿದೆ. ಸ್ಥಳೀಯರ ಹಾಗೆ ಒಂದು ಬಂದರಿನಿಂದ ಇನ್ನೊಂದಕ್ಕೆ ಮಾತ್ರ ಟಿಕೆಟ್ ತೆಗೆದುಕೊಳ್ಳುವುದು. ಬೂಡೊದಲ್ಲಿ ಮಧ್ಯಾಹ್ನ ಹತ್ತಿದರೆ ರಾತ್ರಿ ಊಟದ ಹೊತ್ತಿಗೆಲ್ಲ ಲೊಫೋಟೆನ್ ದ್ವೀಪಗಳ ಸ್ವೋಲ್ವರ್ ತಲುಪುತ್ತೀರಿ. ಇಂಥ ಸಣ್ಣ ಪ್ರಯಾಣಕ್ಕೆ ಕ್ಯಾಬಿನ್ ಬೇಕಾಗಿಲ್ಲ. ದೂರದಲ್ಲಿ ಗೋಡೆ ಕಟ್ಟಿದಂತೆ ನಿಂತ ಲೊಫೋಟೆನ್ ಬೆಟ್ಟಸಾಲು ನಿಧಾನಕ್ಕೆ ಹತ್ತಿರವಾಗುವುದನ್ನು ನೋಡಲು ಡೆಕ್ ಇದ್ದರೆ ಸಾಕು.

3. ವೀಸಾ, ವಿಮಾನ

ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಷೆಂಗೆನ್ ವಲಯದಲ್ಲಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿದೆ. ಹಾಗಾಗಿ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯುರೋ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ಇನ್ನೂ ಉತ್ತರಕ್ಕೆ ಸ್ವಾಲ್ಬಾರ್ಡ್‌ಗೂ ಹೋಗಿಬರುವ ಆಸೆ ಇದ್ದರೆ ಎರಡು ಬಾರಿ ಪ್ರವೇಶಿಸುವ ವೀಸಾ ಕೇಳಿ. ಆ ದ್ವೀಪ ನಾರ್ವೆಯದೇ, ಆದರೆ ಷೆಂಗೆನ್ ಒಳಗಿಲ್ಲ.

ಬೆಂಗಳೂರಿನಿಂದ ಬರ್ಗೆನ್‌ಗೆ ನೇರ ವಿಮಾನ ಇಲ್ಲ, ನಡುವೆ ಬದಲಿಸಲೇಬೇಕು. ಹಡಗು ಹೊರಡುವ ಹಿಂದಿನ ದಿನವೇ ಬರ್ಗೆನ್‌ನಲ್ಲಿರಿ. ವಿಮಾನ ತಡವಾಯಿತು ಅಂತ ಹಡಗು ಕಾಯುವುದಿಲ್ಲ.

4. ಕ್ಯಾಬಿನ್

ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಅಗ್ಗ. ಬೇಸಿಗೆಯಲ್ಲಿ ಅದೇ ಒಳ್ಳೆಯದು ಅಂತಲೂ ಹೇಳಬಹುದು, ಕತ್ತಲಾದರೂ ಸಿಗುತ್ತದೆ. ಕಿಟಕಿ ಬೇಕೇ ಬೇಕು ಅನ್ನುವವರು ಡೆಕ್‌ನ ನಕ್ಷೆ ನೋಡಿ ಬುಕ್ ಮಾಡಿ. ಕೆಲವು ಕಿಟಕಿಗಳ ಮುಂದೆ ಜೀವರಕ್ಷಕ ದೋಣಿ ನೇತಾಡುತ್ತಿರುತ್ತದೆ. ಹಡಗು ನಡುರಾತ್ರಿಯೂ ಬಂದರಿಗೆ ಬರುತ್ತದೆ. ಸರಕು ಇಳಿಸುವ ಬಾಗಿಲು ತೆರೆಯುತ್ತದೆ, ಫೋರ್ಕ್‌ಲಿಫ್ಟ್ ಗಡಗಡ ಒಳಗೆ ಬಂದು ಹಲಗೆ ಮೇಲೆ ಕಟ್ಟಿಟ್ಟ ಪೆಟ್ಟಿಗೆಗಳನ್ನು ಎತ್ತಿಕೊಂಡು ಹೋಗುತ್ತದೆ, ಚೀಲ ಹೊತ್ತ ಇಬ್ಬರು ಮೂವರು ಇಳಿಯುತ್ತಾರೆ, ಕಾಲು ಗಂಟೆಯಲ್ಲಿ ಮತ್ತೆ ಹೊರಟಾಯಿತು. ನಿದ್ದೆ ಹಗುರವಾದವರು ಕೆಳಗಿನ ಡೆಕ್ ಬೇಡ ಅನ್ನಿ. ಒಂದು ರಾತ್ರಿಯಾದರೂ ಎದ್ದು ಹೋಗಿ ಈ ಕೆಲಸ ನೋಡಿ, ದುಡ್ಡು ಕೊಟ್ಟು ಹೋಗುವ ಎಷ್ಟೋ ಸುತ್ತಾಟಗಳಿಗಿಂತ ಇದೇ ಚೆಂದ.

5. ಬಟ್ಟೆ, ಊಟ

ದಪ್ಪ ಜಾಕೆಟ್ ಒಂದೇ ಸಾಲದು. ಮೈಗೆ ಅಂಟುವ ಉಣ್ಣೆ ಬಟ್ಟೆ, ಅದರ ಮೇಲೆ ಬೆಚ್ಚನೆಯದು, ಹೊರಗೆ ಗಾಳಿ–ಮಳೆ ತಡೆಯುವುದು, ಹೀಗೆ ಮೂರು ಪದರ. ಡೆಕ್ ಮೇಲೆ ಚಳಿಗಿಂತ ಗಾಳಿಯೇ ಕಾಡುತ್ತದೆ. ಬರ್ಗೆನ್‌ನಲ್ಲಂತೂ ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ದಿನ ಮಳೆ, ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಬೇಸಿಗೆಗೆ ಕಣ್ಣಿಗೆ ಕಟ್ಟುವ ಪಟ್ಟಿ ಮರೆಯಬೇಡಿ.

ಊಟದಲ್ಲಿ ಮೀನಿನದೇ ಕಾರುಬಾರು. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿ, ಹತ್ತಿದ ಮೇಲೆ ಮತ್ತೊಮ್ಮೆ ನೆನಪಿಸಿ. ಚಟ್ನಿಪುಡಿ ಡಬ್ಬಿ ಜೊತೆಗಿದ್ದರೆ ಹನ್ನೆರಡು ದಿನ ಕಳೆಯುವುದು ಕಷ್ಟವಲ್ಲ. ಆರ್ಕ್ಟಿಕ್ ವೃತ್ತ ದಾಟುವಾಗ ಇನ್ನೊಂದು ಎಚ್ಚರಿಕೆ: ಉತ್ತರಕ್ಕೆ ಹೋಗುವಾಗ ಕುತ್ತಿಗೆಯೊಳಗೆ ಐಸ್ ನೀರು ಸುರಿಯುತ್ತಾರೆ, ವಾಪಸ್ ಬರುವಾಗ ಒಂದು ಚಮಚ ಕಾಡ್ ಮೀನಿನ ಎಣ್ಣೆ ಕುಡಿಸುತ್ತಾರೆ. ಬೇಡ ಅಂದರೆ ಬಲವಂತವಿಲ್ಲ.

6. ಎಲ್ಲಿ ಎಚ್ಚರ ಇರಬೇಕು, ಎಲ್ಲಿ ಮಲಗಬೇಕು

ಎಲ್ಲವನ್ನೂ ನೋಡಲು ಹೋದರೆ ಮೂರನೇ ದಿನಕ್ಕೇ ಸುಸ್ತಾಗುತ್ತೀರಿ. ಎಲ್ಲ ಊರಿನಲ್ಲೂ ಸುತ್ತಾಟಕ್ಕೆ ಹೆಸರು ಕೊಡಬೇಡಿ. ಟ್ರಾಂಡ್‌ಹೈಮ್, ಟ್ರೊಮ್ಸೊಗಳಲ್ಲಿ ಹಡಗು ಗಂಟೆಗಟ್ಟಲೆ ನಿಲ್ಲುತ್ತದೆ, ನಡೆದೇ ಊರು ನೋಡಬಹುದು. 1904ರ ಬೆಂಕಿಯಲ್ಲಿ ಸುಟ್ಟು ಮತ್ತೆ ಎದ್ದುನಿಂತ ಓಲೆಸುಂಡ್ ಊರಿನ ಬೀದಿಗಳೂ ಕಾಲ್ನಡಿಗೆಗೇ ಚೆನ್ನ. ದುಡ್ಡು ಕೊಟ್ಟು ಬಸ್ ಹತ್ತಬೇಕಾದದ್ದು ಹೊನ್ನಿಂಗ್ಸ್‌ವೋಗ್‌ನಲ್ಲಿ. ಅಲ್ಲಿಂದ ನಾರ್ತ್ ಕೇಪ್ ಎಂಬ ಭೂಶಿರದ 307 ಮೀಟರ್ ಎತ್ತರದ ಬಂಡೆಗೆ ಹೋಗಿಬರಬಹುದು.

ತಪ್ಪಿಸಿಕೊಳ್ಳಬಾರದ್ದು ಲೊಫೋಟೆನ್ ಭಾಗ. ಸ್ವೋಲ್ವರ್ ದಾಟಿದ ಮೇಲೆ ಬೇಸಿಗೆಯಲ್ಲಿ ಹಡಗು ಟ್ರೋಲ್‌ಫ್ಯೋರ್ಡ್ ಎಂಬ, ಬೆಟ್ಟಗಳ ನಡುವಿನ ಕಿರಿದಾದ ಕಡಲ ಸೀಳಿನೊಳಗೆ ನುಗ್ಗುತ್ತದೆ. ಬಾಯಿಯ ಅಗಲ ಬರೀ 100 ಮೀಟರ್. ಹಡಗಿನ ಉದ್ದವೇ ಅದಕ್ಕಿಂತ ಜಾಸ್ತಿ! ಎರಡೂ ಕಡೆ ಕಪ್ಪು ಬಂಡೆ, ಅದರ ಮೇಲಿಂದ ಇಳಿಯುವ ನೀರಿನ ಗೆರೆ ಕೈಗೆ ಸಿಗುವಷ್ಟು ಹತ್ತಿರ. ಸುಮಾರು ಎರಡು ಕಿಲೋಮೀಟರ್ ಒಳಗೆ ಹೋದ ಮೇಲೆ ಜಾಗ ಸ್ವಲ್ಪ ಅಗಲವಾಗುತ್ತದೆ. ಅಲ್ಲಿ ಹಡಗು ನಿಂತಲ್ಲೇ ನಿಂತು ಪೂರ್ತಿ ತಿರುಗಿ ಬಂದ ದಾರಿಗೇ ಹೊರಳುತ್ತದೆ. ಚಳಿಗಾಲದಲ್ಲಿ ಹಿಮ, ಕಲ್ಲು ಕುಸಿಯುವ ಭಯದಿಂದ ಒಳಗೆ ಹೋಗುವುದಿಲ್ಲ. ಅದಕ್ಕೆ ಬದಲಾಗಿ ಚಳಿಗಾಲದ ಕೊನೆಗೆ ಹೋದವರಿಗೆ ದ್ವೀಪಗಳಲ್ಲಿ ಮರದ ಅಟ್ಟಣೆ ತುಂಬಾ ಕಾಡ್ ಮೀನು ಜೋಡಿಜೋಡಿಯಾಗಿ ತೂಗಾಡುವುದು ಕಾಣುತ್ತದೆ. ಉಪ್ಪು ಹಾಕದೆ, ಬರೀ ಗಾಳಿಗೆ ಒಣಗಿಸುವ ಮೀನು. ನಮ್ಮ ಕರಾವಳಿಯವರು ಆ ವಾಸನೆಗೆ ಮೂಗು ಮುರಿಯಲಿಕ್ಕಿಲ್ಲ.

ಉತ್ತರದ ಬೆಳಕಿಗಾಗಿ ರಾತ್ರಿಯೆಲ್ಲ ಕಾದು ಕೂರಬೇಕಿಲ್ಲ. ಕಂಡಕೂಡಲೇ ಸಿಬ್ಬಂದಿ ಸ್ಪೀಕರ್‌ನಲ್ಲಿ ಕೂಗಿ ಎಬ್ಬಿಸುತ್ತಾರೆ. ಜಾಕೆಟ್, ಟೋಪಿ, ಶೂ ಬಾಗಿಲ ಬಳಿ ಇಟ್ಟು ಮಲಗಿ. ಮೊಬೈಲ್‌ನ ನೈಟ್ ಮೋಡ್ ಹೇಗೆ ಅಂತ ಮನೆಯಲ್ಲೇ ಕಲಿತಿರಿ, ಕೈ ಮರಗಟ್ಟಿದಾಗ ಕಲಿಯುವುದು ಆಗದ ಮಾತು.

7. ಹೊಟ್ಟೆ ತೊಳಸಿದರೆ

ದಾರಿಯ ಹೆಚ್ಚು ಭಾಗ ದ್ವೀಪಗಳ ಮರೆಯಲ್ಲೇ ಇರುವುದರಿಂದ ನೀರು ಶಾಂತ. ಮರೆ ಇಲ್ಲದ ಕಡೆ ಮಾತ್ರ ಹಡಗು ಹೊರಳುತ್ತದೆ: ಓಲೆಸುಂಡ್‌ಗೆ ಮುಂಚೆ ಸ್ಟಾಡ್, ಆಮೇಲೆ ಹುಸ್ಟಾದ್ವಿಕಾ, ಬೂಡೊ ದಾಟಿದ ಮೇಲೆ ವೆಸ್ಟ್‌ಫ್ಯೋರ್ಡ್, ಕೊನೆಗೆ ಬ್ಯಾರೆಂಟ್ಸ್ ಸಮುದ್ರ. ಇವೆಲ್ಲ ಎಷ್ಟು ಗಂಟೆಗೆ ಬರುತ್ತವೆ ಅಂತ ರಿಸೆಪ್ಷನ್‌ನಲ್ಲಿ ಕೇಳಿಟ್ಟುಕೊಳ್ಳಿ. ಮಾತ್ರೆ ಮುಂಚೆಯೇ ನುಂಗಬೇಕು, ಶುರುವಾದ ಮೇಲೆ ನುಂಗಿ ಏನು ಪ್ರಯೋಜನ, ಅಲ್ವಾ? ಕ್ಯಾಬಿನ್ ಹಡಗಿನ ನಡುವಿನಲ್ಲಿದ್ದರೆ ಅಲುಗಾಟ ಕಡಿಮೆ.

8. ಕಿರ್ಕೆನೆಸ್‌ನಲ್ಲಿ ಇಳಿಯುವವರಿಗೆ

ಹಡಗು ಬೆಳಗ್ಗೆ ತಲುಪಿ ಮಧ್ಯಾಹ್ನ ತಿರುಗಿ ಹೊರಡುತ್ತದೆ. ಅಲ್ಲಿಂದ ಓಸ್ಲೋಗೆ ವಿಮಾನವಿದೆ. ಆದರೆ ಚಳಿಗಾಲದಲ್ಲಿ ಹಿಮಗಾಳಿ ಎದ್ದರೆ ವಿಮಾನ ತಡವಾಗುವುದು ಮಾಮೂಲು. ಹಾಗಾಗಿ ಭಾರತಕ್ಕೆ ಬರುವ ವಿಮಾನವನ್ನು ಅದೇ ದಿನಕ್ಕೆ ಇಟ್ಟುಕೊಳ್ಳಬೇಡಿ, ಒಂದು ರಾತ್ರಿ ಓಸ್ಲೋದಲ್ಲಿ ತಂಗಿ ಮರುದಿನ ಹೊರಡಿ.