ಕರಿಗೋಟು ಹೆಕ್ಕುವ ಕ್ಯಾಮೆರಾ

ಬದಿಯಡ್ಕದ ಹತ್ತಿರ ನೆಂಟರೊಬ್ಬರ ಅಡಿಕೆ ಶೆಡ್ಡು ಇದೆ. ಒಣಗಿಸಿ ಸುಲಿದ ಅಡಿಕೆ, ಅಂದರೆ ಚಾಲಿ, ಬಂದು ಬೀಳುತ್ತದೆ, ಐದಾರು ಹೆಂಗಸರು ಸುತ್ತ ಕೂತು ಹೆಕ್ಕುತ್ತಾರೆ. ಒಳ್ಳೆಯದು ಒಂದು ಕಡೆ, ಬಿರುಕು ಬಿಟ್ಟ ಪಟೋರ ಒಂದು ಕಡೆ, ಕಪ್ಪಾಗಿ ಕೆಟ್ಟ ಕರಿಗೋಟು ಇನ್ನೊಂದು ಕಡೆ. ಹೆಕ್ಕಲು ಜನ ಸಿಗುವುದಿಲ್ಲ ಎನ್ನುವುದು ಅವರ ಪ್ರತಿ ವರ್ಷದ ಗೋಳು. "ನೀನು ಫ್ಯಾಕ್ಟರಿಯಲ್ಲಿ ಕ್ಯಾಮೆರಾ ಕೂರಿಸುವವನಲ್ವಾ, ಇಲ್ಲಿಗೂ ಒಂದು ಕೂರಿಸು" ಎಂದರು. ನಾನು ಕೂರಿಸಿದ್ದು ಬಾಟಲಿಯ ಮುಚ್ಚಳ ನೋಡುವ ಕ್ಯಾಮೆರಾ. ಒಂದು ಮುಚ್ಚಳ ನೋಡಿದರೆ ಲಕ್ಷ ಮುಚ್ಚಳ ನೋಡಿದಂತೆ. ಅಡಿಕೆಯ ಕತೆ ಬೇರೆ.

ಲೆನ್ಸಿನ ಲೆಕ್ಕ ಸುಲಭ. ಬೆಲ್ಟಿನ ಅಗಲ 320 ಮಿ.ಮೀ. ಕ್ಯಾಮೆರಾ 1600×1200 ಪಿಕ್ಸೆಲ್‌ನದು, ಅಂದರೆ ಪಿಕ್ಸೆಲ್‌ಗೆ 0.2 ಮಿ.ಮೀ. ಕ್ಯಾಮೆರಾದೊಳಗೆ ಚಿತ್ರ ಬೀಳುವ ಸೆನ್ಸಾರಿನ ಅಗಲ 7.2 ಮಿ.ಮೀ. 12 ಮಿ.ಮೀ. ಫೋಕಲ್ ಲೆಂತಿನ ಲೆನ್ಸ್ ಹಾಕಿದರೆ ಬೆಲ್ಟಿನಿಂದ ಸುಮಾರು 53 ಸೆಂ.ಮೀ. ಮೇಲೆ ಕೂರಿಸಬೇಕು. ಬಡಗಿ ಅರ್ಧ ದಿನದಲ್ಲಿ ಸ್ಟ್ಯಾಂಡ್ ಮಾಡಿಕೊಟ್ಟರು.

ಕ್ಯಾಮೆರಾ ಜಿಗ್‌ಇ ವಿಷನ್ ಮಾದರಿಯದು, ನೆಟ್‌ವರ್ಕ್ ಕೇಬಲಿನಲ್ಲೇ ಚಿತ್ರ ಕಳಿಸುತ್ತದೆ. ಮೊದಲ ದಿನ ಲ್ಯಾಪ್‌ಟಾಪಿಗೆ ಅದು ಕಾಣಿಸಲೇ ಇಲ್ಲ. ಕ್ಯಾಮೆರಾ 169.254 ಎಂದು ಶುರುವಾಗುವ ನೆಟ್‌ವರ್ಕ್ ವಿಳಾಸ ಹಿಡಿದು ಕೂತಿತ್ತು, ಲ್ಯಾಪ್‌ಟಾಪಿನದು 192.168. ಎರಡನ್ನೂ ಒಂದೇ ಸಾಲಿಗೆ ತಂದು, ವಿಳಾಸ ಬದಲಾಗದಂತೆ ಮಾಡಿ, ಫೈರ್‌ವಾಲಿನಲ್ಲಿ ಚಿತ್ರ ತೋರಿಸುವ ವ್ಯೂವರ್ ಸಾಫ್ಟ್‌ವೇರಿಗೆ ಅನುಮತಿ ಕೊಟ್ಟ ಮೇಲೆ ಚಿತ್ರ ಬಂತು. ಬಂತು, ಆದರೆ ಹರಿದು ಬಂತು. ಕೆಳಗಿನ ಅರ್ಧ ಕಪ್ಪು.

ಇಲ್ಲಿ ನಾನು ಎರಡು ದಿನ ಸುಮ್ನೆ ಕಳೆದೆ. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ. ಆಮೇಲೆ ಕಾಗದ ಹಿಡಿದು ಲೆಕ್ಕ ಹಾಕಿದೆ. ಬಣ್ಣದ ಆರ್‌ಜಿಬಿ ಚಿತ್ರವೆಂದರೆ ಪಿಕ್ಸೆಲ್‌ಗೆ 3 ಬೈಟ್, ಒಂದು ಚಿತ್ರ 5.76 ಎಂಬಿ. ಸೆಕೆಂಡಿಗೆ 30 ಚಿತ್ರವೆಂದರೆ 173 ಎಂಬಿ. ಗಿಗಾಬಿಟ್ ಲೈನಿನಲ್ಲಿ ಹೋಗುವುದೇ ಸೆಕೆಂಡಿಗೆ ಹೆಚ್ಚೆಂದರೆ 125 ಎಂಬಿ! ಬೇಯರ್ 8 ಎಂಬ ಕಚ್ಚಾ ರೂಪಕ್ಕೆ ಬದಲಿಸಿದೆ, ಅದು ಪಿಕ್ಸೆಲ್‌ಗೆ ಒಂದೇ ಬೈಟ್. ಬಣ್ಣವನ್ನು ಲ್ಯಾಪ್‌ಟಾಪಿನಲ್ಲಿ ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣೆಯ ಸಾಫ್ಟ್‌ವೇರ್ ಬಿಡಿಸಿಕೊಳ್ಳುತ್ತದೆ. ನೆಟ್‌ವರ್ಕ್ ಕಾರ್ಡಿನಲ್ಲಿ ಜಂಬೊ ಫ್ರೇಮ್, ಅಂದರೆ ಒಂದು ಸಲಕ್ಕೆ ಕಳಿಸುವ ಕಟ್ಟಿನ ಗಾತ್ರ, 9000 ಬೈಟಿಗೆ ಏರಿಸಿದೆ. ನಾಚಿಕೆಯ ವಿಷಯವೆಂದರೆ 30 ಚಿತ್ರ ಬೇಕಾಗಿಯೇ ಇರಲಿಲ್ಲ. ಬೆಲ್ಟು ಸೆಕೆಂಡಿಗೆ 300 ಮಿ.ಮೀ. ಓಡುತ್ತದೆ, ಒಂದು ಚಿತ್ರದೊಳಗೆ 240 ಮಿ.ಮೀ. ಉದ್ದ ಸಿಗುತ್ತದೆ. ಸೆಕೆಂಡಿಗೆ ಎರಡು ಚಿತ್ರ ಧಾರಾಳ ಸಾಕು.

ಇನ್ನು ಬೆಳಕು. ನಿಜವಾಗಿ ಒದ್ದಾಡಿದ್ದು ಇಲ್ಲೇ. ಓಡುವ ಅಡಿಕೆ ಮಸುಕಾಗಬಾರದೆಂದು ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು, ಅರ್ಧ ಮಿಲಿಸೆಕೆಂಡಿಗೆ ಇಳಿಸಿದೆ. ಅಷ್ಟರಲ್ಲಿ ಅಡಿಕೆ ಜರಗುವುದು 0.15 ಮಿ.ಮೀ., ಒಂದು ಪಿಕ್ಸೆಲ್ಲೂ ಇಲ್ಲ. ಆದರೆ ಶೆಡ್ಡಿನ ಟ್ಯೂಬ್‌ಲೈಟಿನಲ್ಲಿ ಒಂದು ಚಿತ್ರ ಬೆಳ್ಳಗೆ, ಇನ್ನೊಂದು ಕಪ್ಪಗೆ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಮಿಣುಕದ 24 ವೋಲ್ಟ್ ಡಿಸಿ ಎಲ್‌ಇಡಿ ಪಟ್ಟಿ ತಂದೆ. ಈಗ ಅಡಿಕೆಯ ನೆತ್ತಿ ಫಳಫಳ, ಪಕ್ಕದಲ್ಲಿ ಕರಿ ನೆರಳು. ನೆರಳನ್ನೇ ಪ್ರೋಗ್ರಾಮು ಕರಿಗೋಟು ಎಂದಿತು.

ಬೆಳಕು ಎಲ್ಲ ಕಡೆಯಿಂದ ಮೆತ್ತಗೆ ಬೀಳಬೇಕು, ಅದಕ್ಕೆ ಗುಮ್ಮಟದಂಥ ದೀಪ ಸಿಗುತ್ತದೆ, ದುಬಾರಿ. ನಾನು ಕುಂಬಳೆಯಿಂದ ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆ ತಂದೆ. ಕವುಚಿ ಹಾಕಿ, ಮೇಲೆ ಲೆನ್ಸಿಗೆ ತೂತು ಕೊರೆದು, ಎಲ್‌ಇಡಿಯನ್ನು ಒಳಗಿನ ಅಂಚಿಗೆ ಮೇಲ್ಮುಖವಾಗಿ ಅಂಟಿಸಿದೆ. "ಅಡಿಕೆ ಶೆಡ್ಡಿಗೆ ಮೀನಿನ ಪೆಟ್ಟಿಗೆಯಾ?" ಎಂದು ನೆಂಟರು ಮೂಗು ಮುಚ್ಚಿಕೊಂಡರು. ಹೊಸದು, ಮೀನು ಕಂಡದ್ದೇ ಅಲ್ಲ ಎಂದು ಆಣೆ ಹಾಕಬೇಕಾಯಿತು. ನೆರಳು ಮಾತ್ರ ಮಾಯವಾಯಿತು.

ಬೆಲ್ಟೂ ಕಪ್ಪು ರಬ್ಬರಿನದಾಗಿತ್ತು. ಅದರ ಮೇಲೆ ಕರಿಗೋಟು ಎಲ್ಲಿ ಕಾಣಬೇಕು? ನೀಲಿ ಬೆಲ್ಟು ಹಾಕಿಸಿದೆ, ಅಡಿಕೆಯಲ್ಲಿ ಇಲ್ಲದ ಬಣ್ಣ ಅದು. ಆಟೋ ವೈಟ್ ಬ್ಯಾಲೆನ್ಸ್, ಆಟೋ ಎಕ್ಸ್‌ಪೋಶರ್ ಎಲ್ಲ ಬಂದ್ ಮಾಡಿದೆ. ಇಲ್ಲದಿದ್ದರೆ ಬೆಲ್ಟು ಖಾಲಿಯಾದಾಗೆಲ್ಲ ಕ್ಯಾಮೆರಾ ಬಣ್ಣವನ್ನು ತನಗೆ ಬೇಕಾದಂತೆ ತಿದ್ದುತ್ತದೆ.

ಕರಿಗೋಟನ್ನು ಗಾಳಿ ಊದಿ ಬೀಳಿಸುವ ನಳಿಗೆ 450 ಮಿ.ಮೀ. ಮುಂದೆ ಇದೆ. ಒಂದೂವರೆ ಸೆಕೆಂಡು ಕಾದು ಊದು ಎಂದು ಬರೆದಿದ್ದೆ. ಅಡಿಕೆ ಜಾಸ್ತಿ ಬಿದ್ದಾಗ ಬೆಲ್ಟು ನಿಧಾನವಾಗಿ, ಗಾಳಿ ಅದರ ಮುಂದಿದ್ದ ಒಳ್ಳೆಯ ಅಡಿಕೆಗೆ ಬಡಿಯಿತು. ರೋಲರಿಗೆ ಅದು ತಿರುಗಿದ್ದನ್ನು ಅಳೆಯುವ ಎನ್‌ಕೋಡರ್ ಹಾಕಿ, ಹೊತ್ತಿನ ಬದಲು ದೂರವನ್ನೇ ಎಣಿಸಿದೆ. 200 ಮಿ.ಮೀ. ಸರಿದಾಗೊಮ್ಮೆ ಕ್ಯಾಮೆರಾಕ್ಕೆ ಚಿತ್ರ ತೆಗೆ ಎಂಬ ಟ್ರಿಗರ್ ಕೊಡುವುದೂ ಅದೇ.

ಎಲ್ಲ ಸರಿಯಾಯಿತು ಎಂದುಕೊಂಡ ದಿನ, ಹೆಕ್ಕುವ ಅಕ್ಕ ಒಬ್ಬರು ಕ್ಯಾಮೆರಾ ಪಾಸು ಮಾಡಿದ ರಾಶಿಯಿಂದ ಒಂದು ಅಡಿಕೆ ಎತ್ತಿ ಹೆಬ್ಬೆರಳಲ್ಲಿ ಮಗುಚಿ ತೋರಿಸಿದರು. ಅಡಿ ಭಾಗ ಪೂರ್ತಿ ಕಪ್ಪು. ಅವರ ಕೈಗಳನ್ನು ಅಲ್ಲಿಯವರೆಗೆ ನಾನು ಸರಿಯಾಗಿ ನೋಡಿರಲೇ ಇಲ್ಲ. ಪ್ರತಿ ಅಡಿಕೆಯೂ ಆ ಹೆಬ್ಬೆರಳಲ್ಲಿ ಒಂದು ಸುತ್ತು ತಿರುಗುತ್ತದೆ. ನನ್ನ ಕ್ಯಾಮೆರಾಕ್ಕೆ ಕಾಣುವುದು ನೆತ್ತಿ ಮಾತ್ರ.

ಎರಡನೇ ಬೆಲ್ಟಿಗೆ ಬೀಳಿಸಿ ಮಗುಚಲು ನೋಡಿದೆ. ಕೆಲವು ಮಗುಚಿದವು, ಕೆಲವು ಇಲ್ಲ. ಕೊನೆಗೆ ನೆಂಟರಿಗೆ ಹೇಳಿದೆ: ಮೇಲಿಂದ ಕಪ್ಪು ಕಾಣುವುದನ್ನು ಯಂತ್ರ ತೆಗೆಯಲಿ, ಉಳಿದದ್ದೂ ಪಟೋರವೂ ಕೈಯಲ್ಲೇ ಆಗಲಿ. ಅವರಿಗೆ ಪೂರ್ತಿ ಸಮಾಧಾನವಿಲ್ಲ. ಹೆಕ್ಕುವ ರಾಶಿ ಸಣ್ಣದಾಗಿದೆ ಎಂದು ಒಪ್ಪುತ್ತಾರೆ.

ಮಳೆಗಾಲದಲ್ಲಿ ಲೆನ್ಸಿನ ಮುಂದಿನ ಗಾಜಿಗೆ ಬೆಳಿಗ್ಗೆ ಹಬೆ ಕೂರುತ್ತದೆ, ಅಡಿಕೆಯ ಧೂಳು ಬೇರೆ. ಒರೆಸಲು ಹಳೇ ಪಂಚೆಯ ತುಂಡೊಂದನ್ನು ಪೆಟ್ಟಿಗೆಯ ಪಕ್ಕ ಮೊಳೆಗೆ ಸಿಕ್ಕಿಸಿದ್ದೇನೆ. ಮೊದಲು ಶೆಡ್ಡಿಗೆ ಬಂದವರು ಒರೆಸುತ್ತಾರೆ. ಹೆಚ್ಚಾಗಿ ಅದು ಆ ಅಕ್ಕನೇ.