ಪಿಸಿಒಎಸ್: ತೂಕ ಬಿಡಿ, ಸೊಂಟ ಅಳೆಯಿರಿ

ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಅಂಡಾಶಯದ ಕೆಲಸ ಕೆಡುವ ತೊಂದರೆ) ಎಂದು ಡಾಕ್ಟರ್ ಹೇಳಿದ ಮರುದಿನವೇ ಮನೆಗೆ ತೂಕದ ಯಂತ್ರ ಬರುತ್ತದೆ. ಬೇಕಾದದ್ದು ಅದಲ್ಲ, ಇಪ್ಪತ್ತು ಮೂವತ್ತು ರೂಪಾಯಿಯ ಟೇಪು. ಕರುಳಿನ ಸುತ್ತ ಕೂಡುವ ಕೊಬ್ಬು ಹೆಚ್ಚಿದಷ್ಟೂ ಇನ್ಸುಲಿನ್ ಕೆಲಸ ಕೆಡುತ್ತದೆ, ದೇಹ ಇನ್ನಷ್ಟು ಇನ್ಸುಲಿನ್ ಬಿಡುತ್ತದೆ. ಅದು ಅಂಡಾಶಯದಲ್ಲಿ ಟೆಸ್ಟೊಸ್ಟಿರಾನ್ ಎಂಬ ಗಂಡು ಹಾರ್ಮೋನನ್ನು ಹೆಚ್ಚಿಸುತ್ತದೆ. ಆ ಹಾರ್ಮೋನನ್ನು ಹಿಡಿದಿಡುವ ಪ್ರೋಟೀನನ್ನು ಲಿವರಿನಲ್ಲಿ ತಗ್ಗಿಸುತ್ತದೆ. ಗದ್ದದ ಮೇಲೆ ಕೂದಲು, ಮೊಡವೆ, ಏರುಪೇರಾಗುವ ಮುಟ್ಟು ಬರುವುದು ಹೀಗೆ. ತೆಳ್ಳಗಿದ್ದವರಿಗೂ ಪಿಸಿಒಎಸ್ ಇರಬಹುದು. ತೂಕ ಸರಿಯಿದೆ ಎಂದು ಅವರು ಸುಮ್ಮನಿರಬಾರದು.

1. ಟೇಪನ್ನು ಸ್ಕೇಲಿಗೆ ಹಿಡಿದು ನೋಡಿ. ಹಳೆಯ ಬಟ್ಟೆ ಟೇಪು ಹಿಗ್ಗಿರುತ್ತದೆ. 30 ಸೆಂ.ಮೀ. ಗೆರೆಗಳು ಕೂಡದಿದ್ದರೆ ಬಿಸಾಡಿ.

2. ಬೆಳಿಗ್ಗೆ, ಶೌಚ ಮುಗಿಸಿ, ಚಹಾಕ್ಕಿಂತ ಮುಂಚೆ ಅಳೆಯಿರಿ.

3. ಎಲ್ಲರೂ ಎಡವುವುದು ಇಲ್ಲಿ. ಲಂಗದ ಲಾಡಿ ಕಟ್ಟುವ ಜಾಗ ಸೊಂಟದ ಅಳತೆಯ ಜಾಗವಲ್ಲ. ಲಾಡಿ ಹೊಟ್ಟೆಯ ಕೆಳಗೆ ಜಾರಿರುತ್ತದೆ. ಹೊಕ್ಕಳವನ್ನೂ ನಂಬಬೇಡಿ, ಹೊಟ್ಟೆ ಜೋತಂತೆ ಅದೂ ಇಳಿಯುತ್ತದೆ. ಪಕ್ಕಕ್ಕೆ ಬೆರಳೊತ್ತಿ ಕೊನೆಯ ಪಕ್ಕೆಲುಬು ಹುಡುಕಿ, ಪೆನ್ನಿನಿಂದ ಚುಕ್ಕೆ ಇಡಿ. ಕೆಳಗೆ ಸೊಂಟದ ಎಲುಬಿನ ಮೇಲಂಚಿಗೆ ಇನ್ನೊಂದು ಚುಕ್ಕೆ. ಇವೆರಡರ ನಡುಮಧ್ಯದಲ್ಲಿ ಟೇಪು ಬರಬೇಕು, ಅದೂ ಬರಿ ಮೈಮೇಲೆ. ಬೆನ್ನಿನ ಕಡೆ ಟೇಪು ಇಳಿಬೀಳುವುದು ಗೊತ್ತೇ ಆಗುವುದಿಲ್ಲ, ಕನ್ನಡಿಗೆ ಪಕ್ಕವಾಗಿ ನಿಂತು ನೋಡಿ, ಇಲ್ಲವೆ ಅವ್ವನನ್ನೋ ಅಕ್ಕನನ್ನೋ ಕರೆಯಿರಿ. ಪಾದಗಳನ್ನು ಜೋಡಿಸಿ ನಿಲ್ಲಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ. ಸಹಜವಾಗಿ ಉಸಿರು ಬಿಟ್ಟು ಮುಗಿದ ಗಳಿಗೆಯಲ್ಲಿ ಓದಿ. ಟೇಪು ಚರ್ಮಕ್ಕೆ ತಾಗಿರಬೇಕು, ಒತ್ತಿ ಗೆರೆ ಮೂಡಬಾರದು. ಎರಡು ಸಲ ಅಳೆಯಿರಿ; ಒಂದು ಸೆಂಟಿಮೀಟರಿಗಿಂತ ಹೆಚ್ಚು ಫರಕು ಬಂದರೆ ಮೊದಲಿಂದ ಶುರುಮಾಡಿ.

4. ನಮ್ಮ ಕಡೆಯ ಹೆಂಗಸರಿಗೆ 80 ಸೆಂ.ಮೀ. ಎಚ್ಚರಿಕೆಯ ಗೆರೆ. ಎತ್ತರದ ಅರ್ಧದೊಳಗಿದೆಯೇ ಎಂದೂ ನೋಡಿ: 154 ಸೆಂ.ಮೀ. ಎತ್ತರಕ್ಕೆ 77.

5. ತಿಂಗಳಿಗೊಮ್ಮೆ ಸಾಕು. ಮುಟ್ಟಿನ ದಿನಗಳಲ್ಲಿ ಹೊಟ್ಟೆ ಉಬ್ಬಿರುತ್ತದೆ, ಆಗ ಬೇಡ.

ಬರಿಗಾಲಲ್ಲಿ ನಿಂತರೆ ಕೊಬ್ಬಿನ ಶೇಕಡಾವಾರು ತೋರಿಸುವ ಯಂತ್ರಕ್ಕೆ ದುಡ್ಡು ಸುರಿಯಬೇಡಿ. ಮೈಯಲ್ಲಿನ ನೀರು ಬದಲಾದರೆ ಅದರ ಅಂಕಿಯೂ ಬದಲಾಗುತ್ತದೆ. ಬೆವರಿಳಿಸುವ ಬೆಲ್ಟ್ ಇಳಿಸುವುದು ಬೆವರನ್ನಷ್ಟೇ. ಕೂದಲಿಗೆಂದು ನುಂಗುವ ಬಯೋಟಿನ್ ಗುಳಿಗೆ ಹಾರ್ಮೋನು ಪರೀಕ್ಷೆಯ ಫಲಿತಾಂಶವನ್ನೇ ತಪ್ಪಿಸಬಹುದು. ರಕ್ತ ಕೊಡುವ ಮೊದಲು ಲ್ಯಾಬಿನವರಿಗೆ ತಿಳಿಸಿ.

ಊಟದಲ್ಲಿ ಜೋಳದ ರೊಟ್ಟಿ ಬಿಡಬೇಕಿಲ್ಲ. ಎರಡು ರೊಟ್ಟಿ, ಜೊತೆಗೆ ಮಡಕಿಕಾಳು ಅಥವಾ ಹೆಸರುಕಾಳಿನ ಪಲ್ಯ, ಸೌತೆಕಾಯಿ, ಮೆಂತ್ಯದ ಸೊಪ್ಪು ಧಾರಾಳವಾಗಿರಲಿ. ಕೆಡಿಸುವುದು ರೊಟ್ಟಿಯ ಮೇಲೆ ಬಡಿಸಿಕೊಳ್ಳುವ ಅನ್ನ, ಸಂಜೆಯ ಗಿರಮಿಟ್ಟಿನ ಜೊತೆಗಿನ ಮಿರ್ಚಿ, ನಾಲ್ಕು ಕಪ್ ಸಕ್ಕರೆ ಚಹಾ. ವಾರಕ್ಕೆ 150 ನಿಮಿಷ ಬಿರುಸು ನಡಿಗೆ ಇರಲಿ. ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಲ್ಲಿ ಹರಟುತ್ತ ಸುತ್ತುವುದು ಲೆಕ್ಕಕ್ಕಿಲ್ಲ. ವಾರಕ್ಕೆ ಎರಡು ದಿನ ಬೈಠಕ್ ಅಥವಾ ಭಾರ ಎತ್ತುವ ವ್ಯಾಯಾಮವೂ ಬೇಕು, ಸ್ನಾಯು ಬಲಿತರೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ತೂಕ ಹೆಚ್ಚಿದ್ದವರಲ್ಲಿ ಶೇ 5ರಷ್ಟು ಇಳಿದರೂ, ಅಂದರೆ 70 ಕೆ.ಜಿ.ಗೆ ಮೂರೂವರೆ, ಅನೇಕರ ಮುಟ್ಟು ಹದಕ್ಕೆ ಬರುತ್ತದೆ.

90 ದಿನ ಮುಟ್ಟಾಗದಿದ್ದರೆ ಟೇಪು ಪಕ್ಕಕ್ಕಿಟ್ಟು, ಗರ್ಭಪರೀಕ್ಷೆ ಮಾಡಿಕೊಂಡು ಸ್ತ್ರೀರೋಗ ತಜ್ಞರಲ್ಲಿಗೆ ಹೋಗಿ. ಗರ್ಭಕೋಶದ ಒಳಪದರ ದಪ್ಪಗಾಗುತ್ತಾ ಹೋಗುತ್ತದೆ, ಅದಕ್ಕೆ ಮೆಂತ್ಯದ ನೀರು ಮದ್ದಲ್ಲ. 75 ಗ್ರಾಂ ಗ್ಲುಕೋಸ್ ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆಯನ್ನೂ ಅಲ್ಲೇ ಕೇಳಿ.