ಡಿಟೆಕ್ಟರ್ ಕೊಳ್ಳೋ ಮುಂಚೆ ಪಿನ್‌ಪಾಯಿಂಟರ್‌ಗೆ ದುಡ್ಡು ಎತ್ತಿಡಿ

ನಿಧಿ ಹುಡುಕೋ ಹವ್ಯಾಸ ಶುರು ಮಾಡೋರು ಇರೋ ದುಡ್ಡನ್ನೆಲ್ಲ ನೆಲದೊಳಗಿನ ಲೋಹ ಪತ್ತೆ ಮಾಡೋ ಡಿಟೆಕ್ಟರ್‌ಗೇ ಸುರಿದುಬಿಡ್ತಾರೆ, ಆಮೇಲೆ ಪಿನ್‌ಪಾಯಿಂಟರ್ (ಗುಂಡಿಯೊಳಗೆ ಲೋಹ ಸರಿಯಾಗಿ ಎಲ್ಲಿದೆ ಅಂತ ತೋರ್ಸೋ, ಕೈಯಲ್ಲಿ ಹಿಡಿಯೋ ಚಿಕ್ಕ ಡಿಟೆಕ್ಟರ್) ಇಲ್ದೆ ಒಂದು ನಾಣ್ಯಕ್ಕೋಸ್ಕರ ಬಕೆಟ್ ಹಿಡಿಸೋವಷ್ಟು ಗುಂಡಿ ತೋಡ್ತಾರೆ, ಅಷ್ಟೊತ್ತಿಗೆ ಸಲಿಕೆ ತಾಗಿ ನಾಣ್ಯದ ಮುಖಾನೇ ಕೆರೆದುಹೋಗಿರುತ್ತೆ. ಇದನ್ನ ನೋಡಿ ನೋಡಿ ಬೇಜಾರಾಗಿ ಬರೀತಿದೀನಿ.

1. ಜಾಗ

ಜಾಗದ ಮಾಲೀಕರ ಒಪ್ಪಿಗೆ ತಗೊಳ್ಳಿ, ಸಂರಕ್ಷಿತ ಸ್ಮಾರಕಗಳ ಹತ್ರ ಹೋಗ್ಲೇಬೇಡಿ, ಸಿಕ್ಕಿದ್ದನ್ನ ಯಾರಿಗೆ ತಿಳಿಸಬೇಕು ಅನ್ನೋ ಕಾನೂನು ಮೊದ್ಲೇ ಓದ್ಕೊಳ್ಳಿ.

2. ಡಿಟೆಕ್ಟರ್

ಒಣ ಹೊಲ, ಮೈದಾನಕ್ಕೆ ಒಂದೇ ಫ್ರೀಕ್ವೆನ್ಸಿಯ ವಿಎಲ್‌ಎಫ್ (ತುಂಬಾ ಕಡಿಮೆ ಫ್ರೀಕ್ವೆನ್ಸಿಯಲ್ಲಿ ಲೋಹ ಹುಡುಕೋ) ಮಷೀನು ಸಾಕು. 5–8 ಕಿಲೋಹರ್ಟ್ಸ್‌ನದು ಬೆಳ್ಳಿ, ತಾಮ್ರದ ನಾಣ್ಯಕ್ಕೆ ಒಳ್ಳೇದು, ಚಿಕ್ಕ ಚಿನ್ನದ ಚೂರಿಗೆ 15ಕ್ಕಿಂತ ಮೇಲಿರಬೇಕು. ಸಮುದ್ರದ ಒದ್ದೆ ಮರಳಲ್ಲಿ ಉಪ್ಪಿನಿಂದಾಗಿ ಈ ಮಷೀನುಗಳು ಸುಮ್ಸುಮ್ನೆ ಕೂಗ್ತವೆ, ಅಲ್ಲಿಗೆ ಮೈನ್‌ಲ್ಯಾಬ್ ಈಕ್ವಿನಾಕ್ಸ್ ಥರದ ಮಲ್ಟಿ ಫ್ರೀಕ್ವೆನ್ಸಿನೇ ಬೇಕು. ಪಲ್ಸ್ ಇಂಡಕ್ಷನ್ (ನೆಲಕ್ಕೆ ಬಿಟ್ಟು ಬಿಟ್ಟು ಕಾಂತೀಯ ಮಿಡಿತ ಕಳಿಸೋ) ಮಷೀನು ಇನ್ನೂ ಆಳಕ್ಕೆ ಹೋಗುತ್ತೆ ನಿಜ, ಆದ್ರೆ ಕಬ್ಬಿಣ ಯಾವುದು ಬೇರೆ ಲೋಹ ಯಾವುದು ಅಂತ ಸರಿಯಾಗಿ ಹೇಳಲ್ಲ, ದಿನವಿಡೀ ಮೊಳೆ ಅಗೀತಾ ಇರ್ತೀರಿ. ಹೊಸಬರಿಗೆ ಬೇಡ.

ಗ್ರೌಂಡ್ ಬ್ಯಾಲೆನ್ಸ್ (ಮಣ್ಣಲ್ಲಿರೋ ಖನಿಜಕ್ಕೆ ಕೂಗದಂಗೆ ಮಷೀನನ್ನ ಹೊಂದಿಸೋದು) ನಾವೇ ಮಾಡ್ಕೊಳ್ಳೋ ಹಾಗಿರಲಿ, ಕೆಂಪು ಮಣ್ಣಿನಂಥ ಕಬ್ಬಿಣದ ಅಂಶ ಜಾಸ್ತಿ ಇರೋ ಕಡೆ ಅದಿಲ್ದೆ ಆಗಲ್ಲ. ಕಾಯಿಲ್ (ನೆಲದ ಮೇಲೆ ಬೀಸೋ ತಟ್ಟೆ) ಡಬಲ್-ಡಿ, ಅಂದ್ರೆ ಒಳಗೆ ಡಿ ಆಕಾರದ ಎರಡು ತಂತಿ ಸುರುಳಿ ಇರೋದು ಇರಲಿ, 11 ಇಂಚಿಂದು ಸಾಕು. ತೂಕ ನೋಡದೆ ತಗೋಬೇಡಿ, ಎರಡು ಗಂಟೆ ಬೀಸಿದ್ಮೇಲೆ ಭುಜಕ್ಕೆ ಗೊತ್ತಾಗುತ್ತೆ.

ಡಬ್ಬಿ ಮೇಲಿನ ಆಳದ ನಂಬರ್ ನಂಬಬೇಡಿ. ಅದು ದೊಡ್ಡ ಲೋಹಕ್ಕೆ ಬರೆದಿದ್ದು, ನಾಣ್ಯ ಸುಮಾರಾಗಿ ಕಾಯಿಲ್ ಅಗಲದಷ್ಟು ಆಳದಲ್ಲಿ ಸಿಕ್ಕಿದ್ರೆ ಅದೇ ಹೆಚ್ಚು. ಇನ್ನು ದೂರದಿಂದಲೇ ಚಿನ್ನ ತೋರಿಸ್ತೀವಿ ಅಂತ ಎರಡು ಕಡ್ಡಿ ಕೊಡ್ತಾರಲ್ಲ, ಅದು ಪೂರ್ತಿ ಮೋಸ. ಇದೇ ಥರದ ಕಡ್ಡೀನ ಎಡಿಇ 651 ಅಂತ ಹೆಸರಿಟ್ಟು ಬಾಂಬ್ ಪತ್ತೆಗೆ ಮಾರಿದವನಿಗೆ 2013ರಲ್ಲಿ ಬ್ರಿಟನ್ ಕೋರ್ಟು 10 ವರ್ಷ ಜೈಲು ಹಾಕ್ತು.

ಡಿಸ್ಕ್ರಿಮಿನೇಶನ್ (ಬೇಡದ ಲೋಹದ ಸಿಗ್ನಲ್ ಬಂದ್ ಮಾಡೋ ಸೌಲಭ್ಯ) ಇದ್ದೇ ಇರುತ್ತೆ, ಆದ್ರೆ ಅಲ್ಯೂಮಿನಿಯಂ ಹಾಳೆ, ಕ್ಯಾನಿನ ಮುಚ್ಚಳದ ಕಿವಿ ಬೇಡ ಅಂತ ಮಷೀನಿನ ಪರದೆ ಮೇಲೆ ಅವಕ್ಕೆ ಬರೋ ನಂಬರ್ ಬಂದ್ ಮಾಡಿದ್ರೆ ಚಿನ್ನದ ಉಂಗುರನೂ ಹೋಯ್ತು ಅನ್ಕೊಳ್ಳಿ, ಎರಡಕ್ಕೂ ಹೆಚ್ಚುಕಮ್ಮಿ ಒಂದೇ ನಂಬರ್ ಬರುತ್ತೆ.

3. ಪಿನ್‌ಪಾಯಿಂಟರ್

ಎಲ್ಲರೂ ಎಡವೋದು ಇಲ್ಲೇ. ಜಾಸ್ತಿ ದೂರದಿಂದ ಕೂಗೋದು ಒಳ್ಳೇದು ಅಂದ್ಕೋತಾರೆ, ಅಲ್ಲ, ಗುಂಡಿಯಲ್ಲಿ ಎಲ್ಲಾ ಕಡೆ ಕೂಗಿದ್ರೆ ನಾಣ್ಯ ಯಾವ ಗೋಡೇಲಿದೆ ಅಂತ ಹೇಗೆ ಗೊತ್ತಾಗೋದು? ಅದಕ್ಕೇ ಸೆನ್ಸಿಟಿವಿಟಿ ಕಮ್ಮಿ ಮಾಡೋಕೆ ಬರ್ಬೇಕು. ವೈಬ್ರೇಶನ್ ಇರಲಿ, ನೀರು ಹೋಗದಂಗೆ ಇರಲಿ, ಬಣ್ಣ ಕಿತ್ತಳೆ ಥರ ಎದ್ದು ಕಾಣೋದಿರಲಿ, ಕಪ್ಪು ಬಣ್ಣದ್ದು ಹುಲ್ಲಲ್ಲಿ ಬಿದ್ರೆ ಮುಗೀತು. ಗ್ಯಾರೆಟ್ ಪ್ರೋ-ಪಾಯಿಂಟರ್‌ಗೆ ನಕಲಿಗಳು ಬಹಳ, ಅಧಿಕೃತ ಡೀಲರ್ ಹತ್ರ ಮಾತ್ರ ತಗೊಳ್ಳಿ.

ಅಂಗಡಿಯಲ್ಲೇ ಹೀಗೆ ನೋಡಿ. ಕೈಬೆರಳಿನ ಉಂಗುರ ತೆಗೀರಿ, ತುದಿ ಗಾಳಿಗೆ ಹಿಡಿದು ಆನ್ ಮಾಡಿ, ಯಾಕಂದ್ರೆ ಬಹಳಷ್ಟು ಪಾಯಿಂಟರ್‌ಗಳು ಆನ್ ಆಗೋವಾಗ ಪಕ್ಕದಲ್ಲಿರೋ ಲೋಹಾನ ಇಲ್ಲ ಅಂತ್ಲೇ ಲೆಕ್ಕ ಹಾಕ್ತವೆ. ಆಮೇಲೆ ನಾಣ್ಯವನ್ನ ಅಗಲವಾಗಿ ಒಂದ್ಸಲ, ಅಂಚು ತೋರಿಸಿ ಒಂದ್ಸಲ ತುದಿ ಹತ್ರ ತನ್ನಿ. ಅಂಚಿಗೆ ಸಿಗ್ನಲ್ ಕಮ್ಮಿ ಇರುತ್ತೆ, ಆದ್ರೆ ಪೂರ್ತಿ ಸತ್ತುಹೋದ್ರೆ ಅದು ಬೇಡ, ಗುಂಡಿಯಲ್ಲಿ ನಾಣ್ಯ ನೆಟ್ಟಗೆ ನಿಂತಿರೋದು ಮಾಮೂಲು. ಕೊನೇಗೆ ನಿಮ್ಮ ಡಿಟೆಕ್ಟರ್ ಆನ್ ಮಾಡಿ ಪಕ್ಕ ಇಟ್ಟು ನೋಡಿ, ಕೆಲವು ಜೋಡಿಗಳು ಒಂದನ್ನೊಂದು ಕೆಣಕ್ತವೆ.

ಬಳಸೋದು ಹೀಗೆ: ಮೊದ್ಲು ಕಾಯಿಲನ್ನ ಎಡ-ಬಲ, ಆಮೇಲೆ 90 ಡಿಗ್ರಿ ತಿರುಗಿ ಇನ್ನೊಂದ್ಸಲ ಬೀಸಿ, ಎರಡೂ ಗೆರೆ ಸೇರೋ ಕಡೆ ಹುಲ್ಲನ್ನ ಮೂರು ಬದಿ ಕತ್ತರಿಸಿ ಮಗುಚಿ. ಪಾಯಿಂಟರ್ ಮೊದ್ಲು ಮಗುಚಿದ ಮಣ್ಣಿಗೆ, ಆಮೇಲೆ ಗುಂಡಿ ತಳಕ್ಕೆ, ಆಮೇಲೆ ಗೋಡೆಗಳಿಗೆ ತೋರ್ಸಿ. ಎಲ್ಲೆಡೆ ಕೂಗಿದ್ರೆ ಸಿಗ್ನಲ್ ಇರೋ ಕಡೆನೇ ಹಿಡಿದು ರೀಟ್ಯೂನ್ ಬಟನ್ ಒತ್ತಿ, ಆಗ ಅದು ಇನ್ನೂ ಹತ್ರ ಹೋದ್ರೆ ಮಾತ್ರ ಕೂಗುತ್ತೆ, ಬೆರಳಗಲದ ಜಾಗಕ್ಕೆ ಬಂದು ನಿಲ್ಲುತ್ತೆ. ಅಲ್ಲಿಂದ ಕೈಯಲ್ಲೇ ಬಿಡಿಸಿ, ಸಲಿಕೆ ಹಾಕ್ಬೇಡಿ.

ಸಿಕ್ತು ಅಂತ ಎದ್ದುಬಿಡ್ಬೇಡಿ, ಖಾಲಿ ಗುಂಡಿ ಮೇಲೆ ಡಿಟೆಕ್ಟರ್ ಇನ್ನೊಂದ್ಸಲ ಆಡಿಸಿ, ಒಂದರ ಕೆಳಗೆ ಇನ್ನೊಂದು ಇರಬಹುದು, ಆಮೇಲೆ ಮಣ್ಣು ಹಾಕಿ ಹುಲ್ಲು ಮುಚ್ಚಿ ಕಾಲಲ್ಲಿ ಅದುಮಿ.